ಕರೆಸಿಕೊಂಡವನು

ಹೆಗಲ ವಲ್ಲಿಯ ಕೆಳಗೆ ಎರಡು ಕೈಗಳಿದ್ದವು. ಒಂದು ಕರುಪ್ಪಯ್ಯನ ಸೋದರಮಾವ ಪೆರಿಯಣ್ಣನದು, ಇನ್ನೊಂದು ದಿಂಡಿಗಲ್ಲಿನಿಂದ ಬಂದ ಗಾಡಿ ಕಂತ್ರಾಟುದಾರ ಅಯ್ಯನಾರನದು. ಆ ಎರಡು ಕೈಗಳ ನಡುವೆ ಇರುವುದು ತಾನೇ ಎಂದು ಕರುಪ್ಪಯ್ಯನಿಗೆ ಗೊತ್ತಿತ್ತು. ತಾನು ಈಗ ಎಷ್ಟಾಗಿದ್ದೇನೆ ಎಂಬುದು ಮಾತ್ರ ಕಾಣುತ್ತಿರಲಿಲ್ಲ. ತೇನಿಯ ಹುಣಿಸೆ ತೋಪಿನಲ್ಲಿ, ದಿಂಡಿಗಲ್ಲಿನ ಗಾಡಿಗಳು ಎತ್ತು ಬಿಚ್ಚುವ ಜಾಗದಲ್ಲಿ, ಮಟಮಟ ಮಧ್ಯಾಹ್ನ ಇಬ್ಬರೂ ಎದುರುಬದುರು ಕುಕ್ಕರಗಾಲಿನಲ್ಲಿ ಕೂತಿದ್ದರು. ಕೈಗಳ ಮೇಲೆ ಮಾವನ ಮಾಸಿದ ವಲ್ಲಿ ಹರಡಿತ್ತು. ಎತ್ತಿನ ವ್ಯಾಪಾರ ಹೀಗೆಯೇ ನಡೆಯುವುದು. ಬಾಯಿ ಮಳೆಯ ವಿಚಾರ, ಮದುವೆಯ ವಿಚಾರ ಆಡುತ್ತಿರುತ್ತದೆ, ಬೆರಳುಗಳು ಬೆಲೆ ಆಡುತ್ತಿರುತ್ತವೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಒಪ್ಪದಿದ್ದರೆ ಕೈ ಕೊಸರಿಕೊಳ್ಳುವುದು. ಹನುಮಂತನಪಟ್ಟಿಯ ಅವರ ಮನೆಯಲ್ಲಿ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ನಡೆಯಲು ಕಲಿತ ಹಾಗೆ ಬಂದುಬಿಡುತ್ತದೆ. ಮಾರಾಟಕ್ಕೆ ನಿಂತ ಎತ್ತು ತನಗೇನೂ ಸಂಬಂಧವಿಲ್ಲವೆಂಬಂತೆ ಮೆಲುಕು ಹಾಕುವುದನ್ನು ಅವನು ನೂರು ಸಲ ನೋಡಿದ್ದ. ಅದು ನಿಜವಾಗಿ ಮೆಲುಕು ಹಾಕುತ್ತಿತ್ತೋ ಅಥವಾ ವಲ್ಲಿಯನ್ನೇ ನೋಡುತ್ತಿತ್ತೋ ಎಂದು ಈಗ ಅನುಮಾನ ಬಂತು.

ಲೆಕ್ಕ ಬಹಳ ಸಣ್ಣದು, ಅದಕ್ಕೇ ಅವನಿಗೆ ಅದರಿಂದ ತಪ್ಪಿಸಿಕೊಳ್ಳಲಾಗುತ್ತಿರಲಿಲ್ಲ. ಪೆರಿಯಾರ್ ಹೊಳೆಗೆ ಅಣೆ ಕಟ್ಟಲು ಶುರುವಾಗಿ ಏಳು ವರ್ಷವಾಗಿತ್ತು. ಬೆಟ್ಟದ ಮೇಲಿನ ಆ ಕಾಡಿನಲ್ಲಿ ಮಾವನ ಗುಂಪಿಗೆ ನಲವತ್ತು ತಲೆ ಎಂದು ಬರೆದಿತ್ತು. ನಲವತ್ತು ತಲೆ ಬೆಳಿಗ್ಗೆ ನಿಂತಿರಬೇಕು, ತಲೆ ಯಾರದ್ದಾದರೂ ಸರಿ. ಕರುಪ್ಪಯ್ಯನ ತಲೆ ಆ ನಲವತ್ತರಲ್ಲಿ ಒಂದು, ಅಣ್ಣ ಮುತ್ತಯ್ಯನದು ಇನ್ನೊಂದು, ಮತ್ತು ಅಣ್ಣನದು ಹನ್ನೆರಡು ದಿನದಿಂದ ಗೋಣಿತಾಟಿನ ಕೆಳಗೆ ಜ್ವರದಲ್ಲಿ ಕುದಿಯುತ್ತಿತ್ತು. ಕೆಳಗಿಳಿಸಿದರೆ ಬದುಕುತ್ತಾನೆ ಎಂದು ಎಲ್ಲರೂ ಹೇಳುತ್ತಿದ್ದರು. ಇಳಿಸಬೇಕಾದರೆ ಬದಲಿಗೆ ಒಂದು ತಲೆ ಹತ್ತಬೇಕು. ಜ್ವರದ ಸುದ್ದಿ ಕಣಿವೆಗೆಲ್ಲ ಹಬ್ಬಿದ ಮೇಲೆ ಬೆಟ್ಟದ ಬುಡದ ಕೊಂಬೈಯಿಂದ ಕೂಡ ಯಾರೂ ಹತ್ತಲು ಒಪ್ಪುತ್ತಿರಲಿಲ್ಲ. ಹೋದ ತಿಂಗಳು ಇದೇ ಅಯ್ಯನಾರ್ ಕರುಪ್ಪಯ್ಯನನ್ನು ತನಗೆ ಕೊಡೆಂದು ಮಾವನನ್ನು ಕೇಳಿದ್ದ. ದಿಂಡಿಗಲ್ಲಿನ ರೈಲು ದೊರೆಗೆ ಕಾಲ್ಚೆಂಡಿನ ಹುಚ್ಚು; ಯಾರ ಆಳುಗಳು ಚೆನ್ನಾಗಿ ಆಡುತ್ತಾರೋ ಆ ಕಂತ್ರಾಟುದಾರನನ್ನು ನಗುತ್ತಾ ಮಾತಾಡಿಸುತ್ತಾನಂತೆ. ಆಗ ಅಯ್ಯನಾರ್ ಕೊಡಲು ಬಂದದ್ದು ಕರುಪ್ಪಯ್ಯನಿಗೆ ಬದಲು ಒಬ್ಬ ಆಳು. ಒಂದಕ್ಕೆ ಒಂದು. ಅಣ್ಣ ಅಲ್ಲೇ ಉಳಿಯುತ್ತಿದ್ದ. ಇವತ್ತು ಮಾವ ಕೇಳುತ್ತಿರುವುದು ಎರಡು, ತಮ್ಮನ ಜಾಗಕ್ಕೊಂದು, ಅಣ್ಣನ ಜಾಗಕ್ಕೊಂದು, ಯಾಕೆಂದರೆ ಈ ನಡುವೆ ಪೀರ್ಮೇಡಿನಲ್ಲಿ ತಿರುವಾಂಕೂರಿನ ದೊರೆಗಳ ಮೇಲಿನ ಆಟಕ್ಕೆ ಅಣೆಯ ದೊರೆ ಕರುಪ್ಪಯ್ಯನನ್ನು ಮದರಾಸು ಕಡೆಗೆ ಕರೆಸಿಕೊಂಡಿದ್ದರು. ಕಣಿವೆಯಲ್ಲಿ ಅಂಥವನು ಇನ್ನೊಬ್ಬನಿರಲಿಲ್ಲ.

"ನೀನೇ ಅಲ್ಲವಾ ತಂಬಿ, ತಿರುವಾಂಕೂರಿನ ಮೇಲೆ ಆಡಿದವನು?" ಪಕ್ಕದಲ್ಲಿ ಯಾರೋ ತಮಿಳಿನಲ್ಲಿ ಕೇಳಿದರು. ಪಾಂಡಿ. ಅಯ್ಯನಾರನ ಸುಣ್ಣದ ಗಾಡಿ ಹೊಡೆಯುವವನು, ಮೂವತ್ತೈದು ವರ್ಷವಿರಬಹುದು, ಮುಂದಿನ ಒಂದು ಹಲ್ಲಿಲ್ಲ. ಅಯ್ಯನಾರ್ ಇಬ್ಬರು ಆಳುಗಳನ್ನು ತಂದಿದ್ದ. ಉಸಿಲಂಪಟ್ಟಿಯ ಒಬ್ಬ ಧಾಂಡಿಗ ಆಗಲೇ ಗಂಟು ಕಟ್ಟಿಕೊಂಡು ಮರಕ್ಕೊರಗಿ ನಿದ್ದೆ ಹೊಡೆಯುತ್ತಿದ್ದ, ಅವನು ಹತ್ತುವುದು ಖಂಡಿತ. ಪಾಂಡಿಯದು ಮಾತ್ರ ಖಂಡಿತವಿರಲಿಲ್ಲ. "ಒಂದಕ್ಕೆ ಮುಗಿದರೆ ನಾನು ಗಾಡಿ ಹೂಡಿಕೊಂಡು ದಿಂಡಿಗಲ್ಲಿಗೆ ವಾಪಸು. ಎರಡಕ್ಕೆ ಮುಗಿದರೆ ಮೇಲೆ," ಎಂದು ಗದ್ದದಿಂದ ಬೆಟ್ಟದ ಕಡೆ ತೋರಿಸಿದ. ವರ್ಷದಾಳು, ಹೋಗು ಎಂದರೆ ಹೋಗಬೇಕು. ಅದನ್ನು ಸಂತೆಗೆ ಹೋಗುವುದೋ ಬೇಡವೋ ಎನ್ನುವವನ ಹಾಗೆ ಹೇಳಿದ, ಆದರೆ ಕಣ್ಣು ವಲ್ಲಿಯ ಮೇಲೆಯೇ ಇತ್ತು. ಹೀಗೆ ಇಬ್ಬರೂ ಒಂದೇ ಬಟ್ಟೆಯನ್ನು ನೋಡುತ್ತಾ ಕೂತರು, ಒಬ್ಬನಿಗೆ ಎರಡು ಬೇಕು, ಒಬ್ಬನಿಗೆ ಒಂದು. ಇವನು ಯಾಕೆ ಇಷ್ಟು ಹತ್ತಿರ ಕೂತಿದ್ದಾನೆ, ಆ ಕಡೆ ಹೋಗಿ ಕೂರಬಾರದೇ ಎಂದು ಕರುಪ್ಪಯ್ಯನಿಗೆ ಸಿಟ್ಟು ಬಂತು.

ಕರೆದರು. ಆ ಮಾತೇ ಸರಿಯಿಲ್ಲ ಎಂದು ಮೊದಲು ಹೇಳಿದವಳು ಅವ್ವ. ದೊರೆಯ ಬಿಲ್ಲೆ ಕಟ್ಟಿದ ಜವಾನ ಬಂದು ಹೇಳಿದ ಮರುದಿನ ಅವನು ಬೆಟ್ಟ ಇಳಿದು ಊರಿಗೆ ಓಡಿದ್ದ, ಆ ಒಂದು ಮಾತು ಹೇಳುವುದಕ್ಕೆಂದೇ. ಅವ್ವ ಓಚ್ಚಮ್ಮಾಳ್ ಹಿತ್ತಿಲಲ್ಲಿ ಹಸುವಿನ ಕೆಳಗೆ ಕೂತಿದ್ದಳು. "ಅವ್ವಾ, ದೊರೆ ನನ್ನ ಕರ್ದಾರೆ," ಎಂದ, ಏದುಸಿರು ಬಿಡುತ್ತಾ. "ಕರ್ದಾರಾ?" ಎಂದಳು ಅವಳು, ಕೆಚ್ಚಲಿನಿಂದ ಕೈ ತೆಗೆಯದೆ. "ಏಸು ಪಡಿ ಬಂತ್ಲಾ?" ಆಮೇಲೆ ತಾನೇ ನಕ್ಕಳು, ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು, ಬೀದಿಗೆಲ್ಲ ಹೇಳಿ ಬಂದಳು. ಅವರ ಮನೆ ಮಾತಾದ ಕನ್ನಡದಲ್ಲಿ ಕೂಗಿ ಕರೆಯುವುದಕ್ಕೂ ಹಾಲು ಕರೆಯುವುದಕ್ಕೂ ಒಂದೇ ಮಾತು. ತಮಿಳಿನಲ್ಲಾಗಿದ್ದರೆ ಈ ತಮಾಷೆ ಹುಟ್ಟುತ್ತಲೇ ಇರಲಿಲ್ಲ. ಅವನಿಗೂ ಅವತ್ತು ನಗು ಬಂದಿತ್ತು. ಪೀರ್ಮೇಡಿನಿಂದ ಹಿಂದಿರುಗುವ ದಾರಿಯಲ್ಲಿ ಅದೇ ಮಾತು ನೆನಪಾದಾಗ ನಗು ಬರಲಿಲ್ಲ.

ಆಟಕ್ಕೆಂದು ಎರಡು ದಿನ ನಡೆದು ಪೀರ್ಮೇಡಿಗೆ ಹೋಗಿದ್ದ. ಗಡಿ ದಾಟುವಾಗ ಇದು ಬೇರೆ ರಾಜನ ಸೀಮೆ, ಇಲ್ಲಿ ನಾನು ಮದರಾಸಿನವನು ಎಂದು ಎದೆ ಸೆಟೆಸಿಕೊಂಡಿದ್ದ. ತಮಿಳರ ನಡುವೆ ಕನ್ನಡದವನು ಎನಿಸಿಕೊಂಡು ಬೆಳೆದವನಿಗೆ ಅದೂ ಒಂದು ಹೊಸ ಸುಖವೇ. ತೋಟದ ದೊರೆಗಳ ಮೈದಾನ ಅಂಗೈಯ ಹಾಗೆ ಸಮತಟ್ಟು, ಒಂದು ಕಡೆ ಮಾತ್ರ ಕಡಿದಾದ ಇಳಿಜಾರು, ಅದರ ತುಂಬ ಚಹಾ ಗಿಡ. ಮದರಾಸು ಕಡೆಗೆ ಒಬ್ಬ ದೊರೆ ಕಡಿಮೆಯಿದ್ದದ್ದು ನಿಜ, ಅವನಿಗೆ ಬದಲಾಗಿಯೇ ಇವನನ್ನು ಕರೆಸಿದ್ದೂ ನಿಜ. ಆದರೆ ಆ ದೊರೆ ಬೆಳಿಗ್ಗೆ ಕುದುರೆಯ ಮೇಲೆ ಬಂದೇ ಬಿಟ್ಟ, ಮೈ ಹುಷಾರಾಗಿತ್ತಂತೆ. ಅಣೆಯ ಸಣ್ಣ ದೊರೆ ಕರುಪ್ಪಯ್ಯನನ್ನು ನೋಡಿ, ಅರೆ, ಇವನೊಬ್ಬ ಇದ್ದಾನಲ್ಲ ಎಂಬಂತೆ ಹಣೆ ಗಂಟಿಕ್ಕಿ, ಇಳಿಜಾರಿನ ಕಡೆ ಬೆರಳು ಮಾಡಿದ. ಚೆಂಡು ಉರುಳಿದರೆ ತರಬೇಕು. ಹದಿನಾಲ್ಕು ಸಲ ಉರುಳಿತು. ಎಣಿಸಬಾರದೆಂದುಕೊಂಡೇ ಎಣಿಸಿದ. ಒಂಬತ್ತನೆಯ ಸಲ, ಗಿಡಗಳ ನಡುವಿನಿಂದ, ಏನಾಯಿತೋ, ಕೈಯಲ್ಲಿ ಎತ್ತದೆ ಕಾಲಿನಿಂದ ಒದ್ದ. ಚೆಂಡು ಇಳಿಜಾರನ್ನೂ ಅಂಚಿನವರ ತಲೆಗಳನ್ನೂ ದಾಟಿ ಮೈದಾನದ ನಟ್ಟನಡುವೆ ಬಿತ್ತು. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಅವನು ಒದ್ದಿರಲಿಲ್ಲ. ಆಮೇಲೆ ಸಣ್ಣ ದೊರೆ ಕೂಗಿ ಹೇಳಿದ್ದನ್ನು ಬಿಲ್ಲೆಯವನು ತಮಿಳು ಮಾಡಿ ಹೇಳಿದ: ಒದೆಯಬೇಡ, ಕೈಯಲ್ಲಿ ತಾ. ಕುದುರೆ ಲಾಯದ ಹಿಂದೆ ಕೂತು ಒಂದು ತುಂಡು ರೊಟ್ಟಿ ತಿಂದ. ಕಾಲಿಗಾಗಿ ಕರೆಸಿ ಕೈಯಲ್ಲಿ ದುಡಿಸಿಕೊಂಡರಲ್ಲ ಎಂದು ಅಳು ಬಂತು, ಕುದುರೆಯವರು ನೋಡುತ್ತಿದ್ದುದರಿಂದ ಅಳಲಿಲ್ಲ.

"ಬೆಟ್ಟದಲ್ಲಿ ಮಳೆ ಕೆಳಗಿನಿಂದ ಮೇಲಕ್ಕೆ ಬರುತ್ತದಂತೆ, ಹೌದಾ?" ಪಾಂಡಿ ಕೇಳುತ್ತಿದ್ದ. ಮೋಡ ಕೆಳಗಿರುತ್ತದೆ, ಅದಕ್ಕೆ ಹಾಗೆ ಅನ್ನುತ್ತಾರೆ ಎಂದ ಕರುಪ್ಪಯ್ಯ. ಜಿಗಣೆ? ಇದೆ. ಆನೆ? ಇದೆ, ದೂರದಲ್ಲಿ. ಜ್ವರದ ವಿಷಯ ಪಾಂಡಿ ಕೇಳಲಿಲ್ಲ. ಕೇಳದೆ ಇದ್ದದ್ದರಿಂದಲೇ ಅವನಿಗೆ ಎಲ್ಲ ಗೊತ್ತಿದೆ ಎಂದು ಕರುಪ್ಪಯ್ಯನಿಗೆ ತಿಳಿಯಿತು. ಗಾಡಿಯ ನೊಗಕ್ಕೆ ಕಟ್ಟಿದ್ದ ಬಲಗಡೆಯ ಎತ್ತು ಇವರ ಕಡೆಯೇ ಮುಖ ಚಾಚಿತ್ತು. "ಅದು ನನ್ನ ಕೈಯಿಂದಲ್ಲದೆ ಮೇವು ಮುಟ್ಟುವುದಿಲ್ಲ. ಮೇಲೆ ಹೋದರೆ ಅದರದ್ದೇ ಯೋಚನೆ," ಎಂದು ಪಾಂಡಿ ಎದ್ದು ಅದಕ್ಕೆ ನಾಲ್ಕು ಕಡ್ಡಿ ಹುಲ್ಲು ಕೊಟ್ಟು ಬಂದು ಮತ್ತೆ ಅಲ್ಲೇ, ಅಷ್ಟೇ ಹತ್ತಿರ ಕೂತ.

ಸುಳ್ಳು ಹೇಳಿದೆನೇ? ಹೇಳಲೇ ಇಲ್ಲ ಎಂದು ಅವನು ಎಷ್ಟೋ ಸಲ ತನಗೇ ಸಮಾಧಾನ ಹೇಳಿಕೊಂಡಿದ್ದ. ಪೀರ್ಮೇಡಿನಿಂದ ಬಂದವನು ನೇರ ಅಣ್ಣನ ಗುಡಿಸಲಿಗೆ ಹೋಗಿದ್ದ. ಮುತ್ತಯ್ಯ ಗೋಣಿತಾಟಿನಿಂದ ಮುಖ ಹೊರಗೆ ಹಾಕಿ, "ಏನಾಯ್ತ್ಲಾ?" ಎಂದ. ಮದರಾಸು ಗೆದ್ದಿತ್ತು. ಗೆದ್ರು ಎನ್ನಬೇಕಾಗಿತ್ತು. "ಗೆದ್ದೋ ಅಣ್ಣಾ," ಎಂದ. ಅಷ್ಟೇ. ಗೆದ್ರು ಅಲ್ಲ, ಗೆದ್ದೋ; ಅವರಲ್ಲ, ನಾವು. ಜ್ವರ ಹಿಡಿದ ಮೇಲೆ ಮೊದಲ ಸಲ ಅಣ್ಣನ ಒಡೆದ ತುಟಿಗಳು ನಗಲು ನೋಡಿದವು. ಆ ನಗುವಿನ ಎದುರು ಯಾವ ಗಂಡಸು ತಾನೇ ಮಾತು ತಿದ್ದಿಯಾನು? ಬಾಗಿಲಲ್ಲಿ ನಿಂತಿದ್ದ ಮಾವ ಅದನ್ನು ಕೇಳಿಸಿಕೊಂಡ. ಮಾವ ಗುಂಪಿಗೆ ಹೇಳಿದ, ಗುಂಪು ಗೂಡಲೂರಿನ ಗಾಡಿಯವರಿಗೆ ಹೇಳಿತು, ಗಾಡಿಯವರು ದಿಂಡಿಗಲ್ಲಿನವರೆಗೆ ದಾರಿಯುದ್ದಕ್ಕೂ ಹೇಳಿದರು. ಸುದ್ದಿ ತೇನಿಗೆ ಬರುವ ಹೊತ್ತಿಗೆ ಅವನು ಎರಡು ಸಲ ಚೆಂಡು ಹೊಡೆದಿದ್ದ, ತಿರುವಾಂಕೂರಿನ ದೊರೆಯೊಬ್ಬ ಅವನ ಕೈ ಕುಲುಕಿದ್ದ. ಅವನು ಯಾವುದಕ್ಕೂ ಹೌದೆನ್ನಲಿಲ್ಲ. ಅಲ್ಲವೆಂದೂ ಅನ್ನಲಿಲ್ಲ. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವನ ಹಾಗೆ ತಿರುಗಾಡಿದ. ವಿಚಿತ್ರವೆಂದರೆ, ಆಮೇಲಿನ ಭಾನುವಾರ ಗುಂಪುಗುಂಪಿನ ಆಟದಲ್ಲಿ ಅವನು ಕೆಟ್ಟದಾಗಿ ಆಡಿದ, ಕಾಲಿಗೆ ಚೆಂಡೇ ಸಿಗಲಿಲ್ಲ, ಆದರೂ ಎಲ್ಲರೂ ತಲೆದೂಗಿದರು. ಮದರಾಸಿನ ಆಟ ಅಂದರೆ ಹೀಗೇ ಇರಬೇಕು ಎಂದರು.

"ಎದ್ದು ಬಾರಪ್ಪ ಇಲ್ಲಿ," ಎಂದು ಅಯ್ಯನಾರ್ ಕರೆದ. ಬಲಗೈ ವಲ್ಲಿಯ ಕೆಳಗೇ ಇತ್ತು. ಎಡಗೈಯಿಂದ ಕರುಪ್ಪಯ್ಯನ ಮೀನಖಂಡ ಒತ್ತಿದ, ಮಂಡಿ ಹಿಡಿದು ಆಚೀಚೆ ಅಲುಗಿಸಿದ, ಪಾದ ಎತ್ತಿಸಿ ಅಡಿ ನೋಡಿದ. ಇನ್ನು ಬಾಯಿ ತೆರೆಸಿ ಹಲ್ಲು ಎಣಿಸುವುದೊಂದು ಬಾಕಿ. ಅವನ ಬೆರಳುಗಳಲ್ಲಿ ಸುಣ್ಣದ ಕಮಟು ಇತ್ತು. "ಹೋದ ತಿಂಗಳೂ ಇದೇ ಕಾಲು," ಎಂದು ಮಾವನಿಗೆ ಹೇಳಿದ. ಮಾವ ಸೋಲುವವನಲ್ಲ. "ಕಾಲು ಅದೇ ಸ್ವಾಮಿ, ಹೆಸರು ಬೇರೆ. ನಿಮ್ಮ ರೈಲು ದೊರೆ ಇವನು ಎಲ್ಲಿಯವನು ಅಂತ ಕೇಳಿದರೆ ನೀವು ಏನು ಹೇಳುತ್ತೀರಿ? ಹನುಮಂತನಪಟ್ಟಿಯವನು ಅಂತಲೋ? ಮದರಾಸು ಕಡೆ ಕರೆಸಿಕೊಂಡವನು ಅಂತಲೋ?" ಅಯ್ಯನಾರ್ ಮೀಸೆಯಲ್ಲಿ ನಕ್ಕ. ವಲ್ಲಿಯ ಅಂಚು ಅಲುಗಿತು. ಕರುಪ್ಪಯ್ಯ ಈಗ ಅದಕ್ಕೆ ಒಂದು ಮಾರು ದೂರದಲ್ಲಿ ನಿಂತಿದ್ದ. ಬಟ್ಟೆಯಲ್ಲಿ ಒಂದು ಉಬ್ಬು, ಪಕ್ಕದಲ್ಲಿ ಇನ್ನೊಂದು. ಒಂದೇ ಬೆರಳಿನದ್ದೋ, ಎರಡರದ್ದೋ? ಮಾವನ ಕತ್ತಿನ ನರ ಬಿಗಿಯಿತು, ಹಾಗೆ ಬಿಗಿಯುವುದು ಗೆಲ್ಲುವ ಮುಂಚೆ. ಹಿಂದೆ ತಿರುಗಿ ನೋಡಬಾರದೆಂದುಕೊಂಡ, ನೋಡಿದ. ಪಾಂಡಿ ಎರಡು ಮಂಡಿಗಳನ್ನೂ ಅಪ್ಪಿಕೊಂಡು ಕೂತಿದ್ದ. ಹಲ್ಲಿಲ್ಲದ ಜಾಗಕ್ಕೆ ನಾಲಗೆ ಸೇರಿಸಿ ಮಗುವಿನ ಹಾಗೆ ತಡಕುತ್ತಿದ್ದ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಮಾನ ಹೋದರೆ ಹೋಗಲಿ ಎಂದು ಅವನಿಗೆ ಆ ಗಳಿಗೆ ನಿಜವಾಗಿಯೂ ಅನಿಸಿತು. ಈ ಮನುಷ್ಯ ನನ್ನ ಒಂದು 'ಗೆದ್ದೋ'ಗಾಗಿ ಬೆಟ್ಟ ಹತ್ತುತ್ತಿದ್ದಾನೆ. ಗೋಣಿತಾಟು ಅದೇ, ಗುಡಿಸಲು ಅದೇ, ಮಲಗುವವನು ಮಾತ್ರ ಬೇರೆ. ಆದರೆ ಅಣ್ಣ? ಅಣ್ಣನ ಒಡೆದ ತುಟಿ? ಬಾಯಿ ತೆರೆದಾಗ ಏನು ಬರುತ್ತದೆಂದು ಅವನಿಗೇ ಗೊತ್ತಿರಲಿಲ್ಲ.

"ಮಾವಾ, ನಾ ಅಲ್ಲಿ ಆಡ್ನೇ ಇಲ್ಲ," ಎಂದ. "ಚೆಂಡು ಎತ್ತಿ ಕೊಡಾಕೆ ನಿಲ್ಸಿದ್ರು. ಒಂದ್ಸಲ ಒದ್ದೆ, ಅದುಕ್ಕೂ ಬೈದ್ರು. ನಂಗೆ ಎಲ್ಡಾಳು ಬ್ಯಾಡ ಮಾವಾ. ಆ ಪಾಂಡಿ ಪಾಪ, ಅವ್ನ ಕಳ್ಸಬ್ಯಾಡ."

ಗಟ್ಟಿಯಾಗಿಯೇ ಹೇಳಿದ. ತೋಪಿನ ಆಚೆ ತುದಿಯವರೆಗೂ ಕೇಳಿಸಿರಬೇಕು. ಪಾಂಡಿಯ ಹೆಸರು ಬಂದಾಗ ಪಾಂಡಿ ತಲೆಯೆತ್ತಿದ. ಮಾವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಪೈಯನ್ ನಿಮ್ಮ ಕನ್ನಡದಲ್ಲಿ ಏನಂತಾನೆ?" ಎಂದ ಅಯ್ಯನಾರ್.

"ನಿಮ್ಮಲ್ಲಿ ದಿನಾ ನೆಲ್ಲಕ್ಕಿ ಅನ್ನ ಹಾಕುತ್ತಾರಾ ಅಂತ ಕೇಳುತ್ತಾನೆ," ಎಂದ ಪೆರಿಯಣ್ಣನ್, ತಮಿಳಿನಲ್ಲಿ, ಸ್ವಲ್ಪವೂ ತಡವರಿಸದೆ. "ಪಾಂಡಿಯ ಹಾಗೆ ಬಡಕಲಾಗಿಬಿಡುತ್ತೇನೋ ಅಂತ ಭಯವಂತೆ."

ಅಯ್ಯನಾರ್ ಹೊಟ್ಟೆ ಕುಣಿಸಿ ನಕ್ಕ. ನಿದ್ದೆಯಿಂದೆದ್ದ ಉಸಿಲಂಪಟ್ಟಿಯವನೂ ನಕ್ಕ. ಪಾಂಡಿ ತನ್ನ ಬಡಕಲು ತೋಳನ್ನು ತಾನೇ ನೋಡಿಕೊಂಡು ಎಲ್ಲರಿಗಿಂತ ಜೋರಾಗಿ ನಕ್ಕ. ಕರುಪ್ಪಯ್ಯನಿಗೆ ತನ್ನ ಮುಖದ ಮೇಲೂ ಒಂದು ನಗು ಹರಡಿದ್ದು ಗೊತ್ತಾಯಿತು, ಅದನ್ನು ತೆಗೆದುಹಾಕುವುದು ಹೇಗೆಂದು ತಿಳಿಯಲಿಲ್ಲ. ತಮಿಳು ಅವನಿಗೆ ಬರುತ್ತಿತ್ತು. ಮನೆ ಮಾತಿಗಿಂತ ಸಲೀಸಾಗಿ ಬರುತ್ತಿತ್ತು. ಬೆಟ್ಟದಲ್ಲಿ ದಿನವಿಡೀ ಅದನ್ನೇ ಆಡುವುದು, ಬೈಯುವುದೂ ಅದರಲ್ಲೇ. ಈಗಲೂ ಸಮಯವಿತ್ತು. ಇದೇ ನಾಲ್ಕು ಮಾತನ್ನು ತಮಿಳಿನಲ್ಲಿ ಹೇಳಿದರೆ ಮುಗಿಯಿತು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಎತ್ತು ಮಾರಲು ಹೋದಾಗ, ತಮಿಳು ಗಿರಾಕಿ ಎದುರಿಗೇ ನಿಂತಿರುವಾಗ, ಅಪ್ಪ ನಗುನಗುತ್ತಾ ಕನ್ನಡದಲ್ಲಿ ಹೇಳುತ್ತಿದ್ದ: ಹಿಂದುಗಡೆ ನಿಲ್ಬ್ಯಾಡ್ಲಾ, ಇದು ಒದಿತದೆ. ಗಿರಾಕಿ ತಾನೂ ನಗುತ್ತಿದ್ದ. ಮಾರುವ ಜಾಗದಲ್ಲಿ ಮನೆ ಮಾತು ಇರುವುದೇ ಅದಕ್ಕೆ, ಐಬು ಮುಚ್ಚಿಡುವುದಕ್ಕೆ. ಹಾಗಾದರೆ ಈಗ ನಾಲಗೆ ತಾನಾಗಿ ಆ ಕಡೆ ಹೊರಳಿತೋ, ತಾನೇ ಹೊರಳಿಸಿದನೋ? ಭಯಕ್ಕೆ ಎಂದುಕೊಂಡ. ಭಯವಾದಾಗ ಯಾರಿಗಾದರೂ ಅವ್ವನ ಮಾತೇ ಬರುತ್ತದೆ ಎಂದುಕೊಂಡ. ಆ ಸಮಾಧಾನ ನಾಲ್ಕು ಉಸಿರಿನಷ್ಟು ಹೊತ್ತೂ ನಿಲ್ಲಲಿಲ್ಲ.

ಮಾವ ವಲ್ಲಿ ಎತ್ತಿ ಕೊಡವಿ ಹೆಗಲ ಮೇಲೆ ಹಾಕಿಕೊಂಡ. ವಲ್ಲಿ ಎತ್ತಿದ ಮೇಲೆ ಮಾತಿಲ್ಲ, ಅದು ಎಲ್ಲ ಸೀಮೆಯಲ್ಲೂ ಒಂದೇ. ಅಯ್ಯನಾರ್ ಏಳುತ್ತಾ ಮೊದಲು ಉಸಿಲಂಪಟ್ಟಿಯವನನ್ನು, ಆಮೇಲೆ ಪಾಂಡಿಯನ್ನು ಕಣ್ಣಿನಿಂದ ತೋರಿಸಿದ. ಎರಡು. ಕರುಪ್ಪಯ್ಯನಿಗೆ ಸಂತೋಷವೂ ಆಯಿತು, ಅಣ್ಣ ನಾಡಿದ್ದು ಇಳಿಯುತ್ತಾನೆ, ಅವ್ವ ಗಂಜಿ ಕುಡಿಸುತ್ತಾಳೆ. ಮಾವ ಹತ್ತಿರ ಬಂದು, ವೀಳ್ಯ ಉಗುಳುವವನ ಹಾಗೆ ಆ ಕಡೆ ತಿರುಗಿ, "ಹೇಳಿದ್ಯಲ್ಲ, ಆಯ್ತು ಬುಡು. ನಿನ್ನ ಪಾಪ ಕಳೀತು. ಇನ್ ಮ್ಯಾಲಿಂದು ನಂದು," ಎಂದ. ಮಾವನಿಗೆ ಮೊದಲೇ ಗೊತ್ತಿತ್ತೇ? ಕೇಳಲು ಧೈರ್ಯ ಬರಲಿಲ್ಲ. ಮಾವ ಆಗಲೇ ಉಸಿಲಂಪಟ್ಟಿಯವನ ಗಂಟು ಎತ್ತಿ ತೂಕ ನೋಡುತ್ತಿದ್ದ.

ಪಾಂಡಿ ಎತ್ತಿನ ಕೊರಳ ಹಗ್ಗವನ್ನು ಇನ್ನೊಬ್ಬ ಗಾಡಿಯವನ ಕೈಗೆ ಕೊಟ್ಟು, ಅದಕ್ಕೆ ಯಾವ ಹುಲ್ಲು, ಹೇಗೆ ಹಿಡಿದು ಕೊಡಬೇಕು ಎಂದು ತೋರಿಸಿ ಬಂದ. ಅವನ ಗಂಟು ಬಹಳ ಚಿಕ್ಕದಿತ್ತು. ಕರುಪ್ಪಯ್ಯನ ಎದುರು ನಿಂತು, ಇಬ್ಬರಿಗೆ ಮಾತ್ರ ಕೇಳುವ ಹಾಗೆ, ತಮಿಳಿನಲ್ಲಿ ಕೇಳಿದ: "ಆಗ ನಿಮ್ಮ ಮಾತಿನಲ್ಲಿ ನನ್ನ ಹೆಸರು ಹೇಳಿದೆಯಲ್ಲ ತಂಬಿ. ಅನ್ನದ ವಿಚಾರ ಅಲ್ಲ ಅದು. ನಿನ್ನ ಮುಖ ನೋಡಿದೆ ನಾನು. ಎನ್ನ ಸೊನ್ನೆ? ಏನು ಹೇಳಿದೆ?"

ಕೇಳುತ್ತಿದ್ದವನ ಕಣ್ಣಿನಲ್ಲಿ ಅನುಮಾನ ಇರಲಿಲ್ಲ, ಅದಿದ್ದಿದ್ದರೆ ಒಳ್ಳೆಯದಿತ್ತು. ಕರುಪ್ಪಯ್ಯ ಬಾಯಿ ತೆರೆದ. ಈ ಸಲ ತಮಿಳು ಒಂದು ಚೂರೂ ತಡೆಯಿಲ್ಲದೆ, ಸ್ವಚ್ಛವಾಗಿ ಬಂತು.

"ಮೇಲೆ ಬಹಳ ಚಳಿ, ಪಾಂಡಿ ಹತ್ತಿರ ಕಂಬಳಿ ಇದೆಯೋ ಇಲ್ಲವೋ, ಒಂದು ಕೊಟ್ಟು ಕಳಿಸಿ ಅಂತ ಹೇಳಿದೆ."

ಪಾಂಡಿ ಮುಂದೆ ಬಂದು, ಸುಣ್ಣ ಹೊತ್ತು ಒಡೆದ ಅಂಗೈಯಿಂದ ಅವನ ಗಲ್ಲ ಮುಟ್ಟಿದ.

"ಬೆಳಿಗ್ಗೆಯಿಂದ ಇಲ್ಲಿ ಕೂತಿದ್ದೇನೆ," ಎಂದ. "ನನ್ನ ವಿಚಾರ ಮಾತಾಡಿದವನು ನೀನೊಬ್ಬನೇ."